ಬಂಧದಿಂದ ಹೆಸರಿಗೆ, ಹೆಸರಿನಿಂದ ಸಮೀಕರಣಕ್ಕೆ: ರಸಾಯನಶಾಸ್ತ್ರ ಶುರುಮಾಡುವವರಿಗೆ ಮಾರ್ಗದರ್ಶಿ

ರಾಸಾಯನಿಕ ಸಮೀಕರಣ ಸರಿದೂಗುತ್ತಿಲ್ಲ ಎಂದು ಒದ್ದಾಡುವವರ ಹಾಳೆ ತೆಗೆದು ನೋಡಿದರೆ ತಪ್ಪು ಹೆಚ್ಚಾಗಿ ಸಮೀಕರಣದಲ್ಲಿ ಇರುವುದಿಲ್ಲ. ಅದಕ್ಕೂ ಮುಂಚೆ, ಸಂಯುಕ್ತದ ಸೂತ್ರ ಬರೆಯುವಾಗಲೇ ಆಗಿಹೋಗಿರುತ್ತದೆ. ಅಲ್ಯೂಮಿನಿಯಂ ಆಕ್ಸೈಡ್ ಎಂದರೆ ಒಂದು ಅಲ್ಯೂಮಿನಿಯಂ, ಒಂದು ಆಕ್ಸಿಜನ್ ಎಂದು ಬರೆದುಕೊಂಡವರು ಮುಂದೆ ಎಷ್ಟು ಚೊಕ್ಕವಾಗಿ ಸರಿದೂಗಿಸಿದರೂ ಉತ್ತರ ತಪ್ಪೇ. ಸೂತ್ರ ತಪ್ಪುವುದಕ್ಕೆ ಕಾರಣ ಅಯಾನುಗಳ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡೋ ಪಡೆದೋ ಆವೇಶ ಹೊತ್ತ ಕಣಗಳ, ಆವೇಶ ಎಷ್ಟೆಂದು ಗೊತ್ತಿಲ್ಲದಿರುವುದು. ನೂರಾರು ಸೂತ್ರಗಳನ್ನು ಬಾಯಿಪಾಠ ಮಾಡುವ ಬದಲು ಇಪ್ಪತ್ತರಷ್ಟು ಅಯಾನುಗಳ ಆವೇಶವನ್ನು ಗಟ್ಟಿಮಾಡಿಕೊಂಡರೆ ಉಳಿದದ್ದನ್ನು ಕೂಡಿ ಕಳೆದು ಬರೆಯಬಹುದು.

ಇಲ್ಲಿ ಧಾತುಗಳ ಹೆಸರನ್ನು ಪೂರ್ತಿಯಾಗಿ ಕೊಟ್ಟಿದೆ. ಪಕ್ಕದಲ್ಲಿ ಹಾಳೆ ಇಟ್ಟುಕೊಂಡು ಪ್ರತಿ ಉದಾಹರಣೆಯನ್ನೂ ಸಂಕೇತಗಳಲ್ಲಿ ಬರೆಯುತ್ತಾ ಓದಿ. ಬರೀ ಕಣ್ಣಾಡಿಸಿದರೆ ಕೈಗೆ ಹತ್ತುವ ವಿಷಯವಲ್ಲ ಇದು.

ಹೆಜ್ಜೆ 1: ಲೋಹವೋ ಅಲೋಹವೋ ನೋಡಿ

ಆವರ್ತಕ ಕೋಷ್ಟಕದಲ್ಲಿ ಬೋರಾನ್ ಪಕ್ಕದಿಂದ ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಇಳಿಯುವ ಗೆರೆಯೊಂದಿದೆ. ಅದರ ಎಡಕ್ಕೆ ಲೋಹಗಳು, ಬಲಕ್ಕೆ ಅಲೋಹಗಳು. ಹೈಡ್ರೋಜನ್ ಮಾತ್ರ ಎಡತುದಿಯಲ್ಲಿ ಕೂತಿದ್ದರೂ ಅಲೋಹ. ಲೋಹ ಮತ್ತು ಅಲೋಹ ಸೇರಿದರೆ ಸಾಮಾನ್ಯವಾಗಿ ಎಲೆಕ್ಟ್ರಾನ್ ಒಂದರಿಂದ ಇನ್ನೊಂದಕ್ಕೆ ಹೋಗಿ ಅಯಾನಿಕ ಬಂಧ ಆಗುತ್ತದೆ. ಎರಡೂ ಅಲೋಹಗಳಾದರೆ ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡು ಸಹವೇಲೆನ್ಸೀಯ ಬಂಧ ಆಗುತ್ತದೆ. ಬರೀ ಲೋಹಗಳಿದ್ದರೆ ಅದು ಲೋಹೀಯ ಬಂಧ. ಮಿಶ್ರಲೋಹಗಳಿಗೆ ಕೆಳಗಿನ ಹೆಸರಿಡುವ ನಿಯಮಗಳು ಅನ್ವಯಿಸುವುದಿಲ್ಲ, ಅದನ್ನು ಇಲ್ಲಿಗೇ ಬಿಡೋಣ.

ಈ ನಿಯಮ ಎಲ್ಲಿ ಕೈಕೊಡುತ್ತದೆ ಎಂಬುದೂ ಗೊತ್ತಿರಬೇಕು. ಅಮೋನಿಯಂ ಕ್ಲೋರೈಡಿನಲ್ಲಿ ಒಂದೇ ಒಂದು ಲೋಹ ಇಲ್ಲ, ಆದರೂ ಅದು ಅಯಾನಿಕ. ಅಲ್ಯೂಮಿನಿಯಂ ಕ್ಲೋರೈಡಿನಲ್ಲಿ ಲೋಹ ಇದೆ, ಆದರೆ ನೀರಿಲ್ಲದ ಶುದ್ಧ ಅಲ್ಯೂಮಿನಿಯಂ ಕ್ಲೋರೈಡ್ ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲೇ ನೇರವಾಗಿ ಆವಿಯಾಗುತ್ತದೆ. ಸೋಡಿಯಂ ಕ್ಲೋರೈಡ್ ಕರಗಬೇಕಾದರೇ 801 ಡಿಗ್ರಿ ಬೇಕು. ಈ ಅಂತರ ಅರ್ಥವಾಗಲು ಎಲೆಕ್ಟ್ರೊನೆಗೆಟಿವಿಟಿ ನೋಡಬೇಕು, ಅಂದರೆ ಬಂಧದಲ್ಲಿರುವ ಎಲೆಕ್ಟ್ರಾನ್‌ಗಳನ್ನು ಪರಮಾಣು ತನ್ನ ಕಡೆಗೆ ಸೆಳೆಯುವ ಬಲ. ಇದನ್ನು ಅಳೆಯಲು ಲೈನಸ್ ಪೌಲಿಂಗ್ 1932ರಲ್ಲಿ ಕೊಟ್ಟ ಮಾನದಲ್ಲಿ ಫ್ಲೋರಿನ್ 3.98, ಆಕ್ಸಿಜನ್ 3.44, ಕ್ಲೋರಿನ್ 3.16, ಹೈಡ್ರೋಜನ್ 2.20, ಅಲ್ಯೂಮಿನಿಯಂ 1.61, ಸೋಡಿಯಂ 0.93 ಎಂದು ಇಂದು ಬಳಸುವ ಬೆಲೆಗಳು. ಸೋಡಿಯಂ–ಕ್ಲೋರಿನ್ ವ್ಯತ್ಯಾಸ 2.23, ಅಲ್ಯೂಮಿನಿಯಂ–ಕ್ಲೋರಿನ್ ವ್ಯತ್ಯಾಸ 1.55. ವ್ಯತ್ಯಾಸ 1.7 ದಾಟಿದರೆ ಅಯಾನಿಕ ಎಂದು ಪಠ್ಯಗಳಲ್ಲಿ ಹೇಳುವುದುಂಟು. ಅದು ಅಂದಾಜು ಮಾತ್ರ. ಹೈಡ್ರೋಜನ್ ಫ್ಲೋರೈಡಿನಲ್ಲಿ ವ್ಯತ್ಯಾಸ 1.78, ಆದರೂ ಅದು ಸಹವೇಲೆನ್ಸೀಯ ಅಣು; 20 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ.

ಹೆಜ್ಜೆ 2: ಆವೇಶ ಗೊತ್ತುಮಾಡಿಕೊಳ್ಳಿ

ಸೋಡಿಯಂನ ಎಲೆಕ್ಟ್ರಾನ್ ವಿನ್ಯಾಸ 2, 8, 1. ಹೊರಕವಚದ ಒಂದು ಹೋದರೆ ನಿಯಾನ್‌ನ ವಿನ್ಯಾಸ ಉಳಿಯುತ್ತದೆ, ಆವೇಶ +1. ಕ್ಲೋರಿನ್ 2, 8, 7. ಒಂದು ಬಂದರೆ ಆರ್ಗಾನ್‌ನ ವಿನ್ಯಾಸ, ಆವೇಶ −1.

ಸೋಡಿಯಂ ತನ್ನ ಎಲೆಕ್ಟ್ರಾನನ್ನು ಸಂತೋಷದಿಂದ ಬಿಟ್ಟುಕೊಡುತ್ತದೆ ಎಂದು ಹೇಳಿಕೊಡುವುದು ರೂಢಿ. ಲೆಕ್ಕ ಹಾಕಿದರೆ ಆ ಮಾತು ನಿಲ್ಲುವುದಿಲ್ಲ. ಒಂದು ಮೋಲ್ (ಪರಮಾಣುಗಳನ್ನು ಎಣಿಸಲು ಬಳಸುವ ಗೊತ್ತಾದ ದೊಡ್ಡ ಸಂಖ್ಯೆ) ಸೋಡಿಯಂ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಲು 496 ಕಿಲೋಜೂಲ್ ಖರ್ಚಾಗುತ್ತದೆ. ಅದನ್ನು ಕ್ಲೋರಿನ್ ಪಡೆದಾಗ ಹಿಂದಕ್ಕೆ ಬರುವುದು ಸುಮಾರು 349 ಮಾತ್ರ. ಅಲ್ಲಿಗೆ ನಷ್ಟವೇ. ಆ ನಷ್ಟ ತುಂಬುವುದು ಧನ ಮತ್ತು ಋಣ ಅಯಾನುಗಳು ಹತ್ತಿರ ಬಂದು ಸಾಲುಸಾಲಾಗಿ ಜೋಡಿಕೊಂಡು ಹರಳಾದಾಗ. ಆಗ ಬಿಡುಗಡೆಯಾಗುವ ಶಕ್ತಿ ಮೋಲ್‌ಗೆ ಸುಮಾರು 787 ಕಿಲೋಜೂಲ್. ಅಂದರೆ ಅಯಾನಿಕ ಸಂಯುಕ್ತ ಗಟ್ಟಿಯಾಗಿ ನಿಂತಿರುವುದು ಹರಳಿನ ಒಟ್ಟು ಆಕರ್ಷಣೆಯಿಂದ. ಅದರಲ್ಲಿ ಬಿಡಿ ಬಿಡಿ ಸೋಡಿಯಂ ಕ್ಲೋರೈಡ್ ಅಣುಗಳನ್ನು ಹುಡುಕಿದರೆ ಸಿಗುವುದಿಲ್ಲ. ಅದರ ಸೂತ್ರ ಹೇಳುವುದು ಅನುಪಾತವನ್ನು ಮಾತ್ರ.

ಆವರ್ತಕ ಕೋಷ್ಟಕದ ಗುಂಪಿನಿಂದ, ಅಂದರೆ ಅದರ ಕಂಬಸಾಲಿನಿಂದ, ಆವೇಶ ಹೀಗೆ ಬರುತ್ತದೆ: 1ನೇ ಗುಂಪು +1, 2ನೇ ಗುಂಪು +2, ಅಲ್ಯೂಮಿನಿಯಂ +3; ನೈಟ್ರೋಜನ್ −3, ಆಕ್ಸಿಜನ್ ಮತ್ತು ಸಲ್ಫರ್ −2, 17ನೇ ಗುಂಪು −1. ನಡುವಿನ ಲೋಹಗಳಲ್ಲಿ ಬೆಳ್ಳಿಗೆ +1, ಸತುವಿಗೆ +2 ಎಂದು ನೆನಪಿಟ್ಟರೆ ಸಾಕು. ಕಬ್ಬಿಣ (+2, +3), ತಾಮ್ರ (+1, +2), ತವರ ಮತ್ತು ಸೀಸ (+2, +4) ಎರಡೆರಡು ಬಗೆಯಲ್ಲಿ ವರ್ತಿಸುತ್ತವೆ.

ಇವುಗಳ ಜತೆಗೆ ಪರಮಾಣುಗಳ ಗುಂಪೇ ಒಂದಾಗಿ ಆವೇಶ ಹೊತ್ತ ಅಯಾನುಗಳಿವೆ. ಇವನ್ನು ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ:

ಅಮೋನಿಯಂ (1 ನೈಟ್ರೋಜನ್, 4 ಹೈಡ್ರೋಜನ್): +1
ಹೈಡ್ರಾಕ್ಸೈಡ್ (1 ಆಕ್ಸಿಜನ್, 1 ಹೈಡ್ರೋಜನ್): −1
ನೈಟ್ರೇಟ್ (1 ನೈಟ್ರೋಜನ್, 3 ಆಕ್ಸಿಜನ್): −1
ಬೈಕಾರ್ಬೊನೇಟ್ (1 ಹೈಡ್ರೋಜನ್, 1 ಕಾರ್ಬನ್, 3 ಆಕ್ಸಿಜನ್): −1
ಕಾರ್ಬೊನೇಟ್ (1 ಕಾರ್ಬನ್, 3 ಆಕ್ಸಿಜನ್): −2
ಸಲ್ಫೇಟ್ (1 ಸಲ್ಫರ್, 4 ಆಕ್ಸಿಜನ್): −2
ಫಾಸ್ಫೇಟ್ (1 ಫಾಸ್ಫರಸ್, 4 ಆಕ್ಸಿಜನ್): −3

ಹೆಸರಿನ ಕೊನೆಯ ‘ಏಟ್’ ಜಾಗದಲ್ಲಿ ‘ಐಟ್’ ಬಂದರೆ ಆಕ್ಸಿಜನ್ ಒಂದು ಕಡಿಮೆ, ಆವೇಶ ಅಷ್ಟೇ. ಸಲ್ಫೈಟ್‌ನಲ್ಲಿ 3 ಆಕ್ಸಿಜನ್, ನೈಟ್ರೈಟ್‌ನಲ್ಲಿ 2. ಇಲ್ಲೊಂದು ಗುಂಡಿ ಇದೆ: ಸಲ್ಫೈಟ್ ಅಯಾನಿನಲ್ಲೂ ಸಲ್ಫರ್ ಟ್ರೈಆಕ್ಸೈಡ್ ಅನಿಲದಲ್ಲೂ ಇರುವುದು ಒಂದು ಸಲ್ಫರ್, ಮೂರು ಆಕ್ಸಿಜನ್. ಮೊದಲನೆಯದರ ಮೇಲೆ −2 ಆವೇಶ ಇದೆ, ಎರಡನೆಯದರ ಮೇಲೆ ಇಲ್ಲ. ಆವೇಶ ಬರೆಯದೆ ಬಿಟ್ಟರೆ ಪದಾರ್ಥವೇ ಬದಲಾಗುತ್ತದೆ.

ಹೆಜ್ಜೆ 3: ಸೂತ್ರ ಕಟ್ಟಿ

ಧನ ಆವೇಶದ ಮೊತ್ತ ಋಣ ಆವೇಶದ ಮೊತ್ತಕ್ಕೆ ಸಮವಾಗಬೇಕು, ಇಷ್ಟೇ ನಿಯಮ. ಅಲ್ಯೂಮಿನಿಯಂ +3, ಆಕ್ಸಿಜನ್ −2. ಎರಡು ಅಲ್ಯೂಮಿನಿಯಂ ಸೇರಿ +6, ಮೂರು ಆಕ್ಸಿಜನ್ ಸೇರಿ −6. ಆವೇಶದ ಅಂಕಿಗಳನ್ನು ಅಡ್ಡಡ್ಡ ಬದಲಾಯಿಸಿ ಬರೆಯುವ ಉಪಾಯವೂ ಇದನ್ನೇ ಮಾಡುತ್ತದೆ. ಆದರೆ ಅದನ್ನು ಕಣ್ಣುಮುಚ್ಚಿ ಬಳಸಿದರೆ ಮೆಗ್ನೀಸಿಯಂ ಆಕ್ಸೈಡ್ 2:2 ಎಂದು ಬರುತ್ತದೆ. ಅದನ್ನು 1:1ಕ್ಕೆ ಇಳಿಸಬೇಕು. ಹಾಗೆಂದು ಎಲ್ಲವನ್ನೂ ಇಳಿಸುವಂತಿಲ್ಲ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ 2 ಹೈಡ್ರೋಜನ್, 2 ಆಕ್ಸಿಜನ್ ಇರುವುದು ನಿಜವಾದ ಅಣು, ಅದನ್ನು 1:1 ಮಾಡಿದರೆ ತಪ್ಪು. ಸೋಡಿಯಂ ಪೆರಾಕ್ಸೈಡಿನಲ್ಲೂ ಹಾಗೆಯೇ, ಅಲ್ಲಿನ ಋಣ ಅಯಾನು ಎರಡು ಆಕ್ಸಿಜನ್‌ಗಳ ಜೋಡಿ.

ಗುಂಪು ಅಯಾನು ಒಂದಕ್ಕಿಂತ ಹೆಚ್ಚು ಸಲ ಬಂದರೆ ಕಂಸ ಹಾಕಲೇಬೇಕು. ಕ್ಯಾಲ್ಸಿಯಂ ಹೈಡ್ರಾಕ್ಸೈಡಿಗೆ ಕಂಸವಿಲ್ಲದೆ 2 ಬರೆದರೆ ಅದು ಹೈಡ್ರೋಜನ್‌ಗೆ ಮಾತ್ರ ಅಂಟಿಕೊಳ್ಳುತ್ತದೆ, ಒಂದು ಆಕ್ಸಿಜನ್ ಲೆಕ್ಕದಿಂದ ಮಾಯವಾಗುತ್ತದೆ.

ಸಹವೇಲೆನ್ಸೀಯ ಅಣುಗಳಿಗೆ ಆವೇಶದ ಬದಲು ಎಲೆಕ್ಟ್ರಾನ್ ಚುಕ್ಕಿಗಳನ್ನು ಎಣಿಸಬೇಕು. 1916ರಲ್ಲಿ ಗಿಲ್ಬರ್ಟ್ ಲೂಯಿಸ್ ಮುಂದಿಟ್ಟ ದಾರಿ ಇದು. ಕಾರ್ಬನ್ ಡೈಆಕ್ಸೈಡನ್ನೇ ತೆಗೆದುಕೊಳ್ಳಿ. ಹೊರಕವಚದ ಎಲೆಕ್ಟ್ರಾನ್‌ಗಳು 4 + 6 + 6 = 16. ಕಾರ್ಬನ್ ಮಧ್ಯೆ ಇಟ್ಟು ಎರಡೂ ಕಡೆ ಒಂದೊಂದು ಬಂಧ ಹಾಕಿ, 4 ಖರ್ಚಾಯಿತು. ಉಳಿದ 12ನ್ನು ಎರಡು ಆಕ್ಸಿಜನ್‌ಗಳಿಗೆ ಆರಾರು ಹಂಚಿ. ಆಕ್ಸಿಜನ್‌ಗಳಿಗೆ ಎಂಟು ತುಂಬಿತು, ಕಾರ್ಬನ್‌ಗೆ ನಾಲ್ಕೇ ಇದೆ. ಹೊಸ ಚುಕ್ಕಿ ಸೇರಿಸಬೇಡಿ. ಪ್ರತಿ ಆಕ್ಸಿಜನ್‌ನಿಂದ ಒಂದು ಜೋಡಿಯನ್ನು ಬಂಧದೊಳಕ್ಕೆ ತನ್ನಿ. ಎರಡೂ ಕಡೆ ದ್ವಿಬಂಧವಾಗುತ್ತದೆ, ಮೊತ್ತ 16ರಲ್ಲೇ ಉಳಿಯುತ್ತದೆ.

ಗುಂಪು ಅಯಾನುಗಳಲ್ಲಿ ಈ ಎಣಿಕೆ ತಪ್ಪುವುದು ಆವೇಶದಿಂದ. ನೈಟ್ರೇಟ್‌ಗೆ 5 + 18, ಮೇಲೆ ಋಣ ಆವೇಶದ 1 ಸೇರಿ 24. ಅಮೋನಿಯಂಗೆ 5 + 4, ಅದರಲ್ಲಿ ಧನ ಆವೇಶದ 1 ಕಳೆದು 8. ಧನ ಎಂದಾಕ್ಷಣ ಕೂಡಿಸುವ ಚಾಳಿ ಬಹಳ ಜನರಿಗೆ ಇದೆ. ಎಲೆಕ್ಟ್ರಾನ್ ಹೋದದ್ದಕ್ಕೇ ಧನ ಆವೇಶ ಬಂದದ್ದು ಎಂದು ನೆನಪಿಟ್ಟರೆ ಸರಿಹೋಗುತ್ತದೆ.

ಹೊರಕವಚದಲ್ಲಿ ಎಂಟು ಎಲೆಕ್ಟ್ರಾನ್ ತುಂಬಬೇಕು ಎನ್ನುವ ಎಂಟರ ನಿಯಮಕ್ಕೂ ಮಿತಿ ಇದೆ. ಬೋರಾನ್ ಟ್ರೈಫ್ಲೋರೈಡಿನಲ್ಲಿ ಬೋರಾನ್ ಸುತ್ತ ಆರು, ಸಲ್ಫರ್ ಹೆಕ್ಸಾಫ್ಲೋರೈಡಿನಲ್ಲಿ ಸಲ್ಫರ್ ಸುತ್ತ ಹನ್ನೆರಡು, ನೈಟ್ರಿಕ್ ಆಕ್ಸೈಡಿನಲ್ಲಿ ಒಟ್ಟು 11, ಅಂದರೆ ಒಂದು ಎಲೆಕ್ಟ್ರಾನ್ ಜೋಡಿಯಿಲ್ಲದೆ ಉಳಿದೇ ಉಳಿಯುತ್ತದೆ. ಜಡ ಅನಿಲಗಳು ಯಾವುದರೊಂದಿಗೂ ಸೇರುವುದಿಲ್ಲ ಎಂಬ ನಂಬಿಕೆಯನ್ನು ನೀಲ್ ಬಾರ್ಟ್‌ಲೆಟ್ 1962ರಲ್ಲಿ ಕ್ಸೆನಾನ್‌ನ ಸಂಯುಕ್ತ ತಯಾರಿಸಿ ಸುಳ್ಳುಮಾಡಿದರು.

ಹೆಜ್ಜೆ 4: ಹೆಸರಿಡಿ

ಹೆಸರಿಡುವ ಪದ್ಧತಿ ಒಂದಲ್ಲ, ಎರಡು. ಯಾವುದನ್ನು ಬಳಸಬೇಕು ಎಂದು ತೀರ್ಮಾನಿಸಲಿಕ್ಕೇ ಹೆಜ್ಜೆ 1.

ಅಯಾನಿಕ ಸಂಯುಕ್ತಕ್ಕೆ ಮೊದಲು ಧನ ಅಯಾನು, ಆಮೇಲೆ ಋಣ ಅಯಾನು. ಒಂಟಿ ಪರಮಾಣುವಿನ ಋಣ ಅಯಾನಾದರೆ ಕೊನೆಯಲ್ಲಿ ‘ಐಡ್’: ಕ್ಲೋರೈಡ್, ಆಕ್ಸೈಡ್, ಸಲ್ಫೈಡ್, ನೈಟ್ರೈಡ್. ಸಂಖ್ಯೆ ಹೇಳುವ ಅಗತ್ಯವಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಎಂದರೆ ಸಾಕು, ಕ್ಯಾಲ್ಸಿಯಂ ಡೈಕ್ಲೋರೈಡ್ ಎನ್ನಬಾರದು. ಎಷ್ಟು ಕ್ಲೋರೈಡ್ ಎಂಬುದು +2 ಆವೇಶದಿಂದಲೇ ಗೊತ್ತಾಗುತ್ತದೆ. ಲೋಹಕ್ಕೆ ಎರಡು ಬಗೆಯ ಆವೇಶ ಇದ್ದಾಗ ಮಾತ್ರ ಯಾವುದು ಎಂದು ಕಂಸದಲ್ಲಿ ರೋಮನ್ ಅಂಕಿಯಿಂದ ತಿಳಿಸಬೇಕು. ಇಲ್ಲೇ ಅತಿ ಹೆಚ್ಚು ತಪ್ಪಾಗುವುದು: ಆ ಅಂಕಿ ಪ್ರತಿ ಲೋಹ ಅಯಾನಿನ ಆವೇಶ, ಲೋಹದ ಪರಮಾಣುಗಳ ಸಂಖ್ಯೆ ಅಲ್ಲ. 2 ಕಬ್ಬಿಣ, 3 ಆಕ್ಸಿಜನ್ ಇರುವ ಆಕ್ಸೈಡಿನಲ್ಲಿ ಆಕ್ಸಿಜನ್‌ಗಳ ಒಟ್ಟು ಆವೇಶ −6, ಅದನ್ನು ಎರಡು ಕಬ್ಬಿಣಗಳು ಹಂಚಿಕೊಂಡರೆ ತಲಾ +3. ಆದ್ದರಿಂದ ಅದು ಐರನ್(III) ಆಕ್ಸೈಡ್, ಓದುವಾಗ ‘ಐರನ್ ಮೂರು ಆಕ್ಸೈಡ್’. ಹಳೆಯ ಲೇಬಲ್‌ಗಳಲ್ಲಿ ಫೆರಿಕ್ ಆಕ್ಸೈಡ್ ಎಂದಿರುತ್ತದೆ. ಫೆರಸ್ ಎಂದರೆ +2, ಫೆರಿಕ್ ಎಂದರೆ +3. ಕ್ಯೂಪ್ರಸ್ +1, ಕ್ಯೂಪ್ರಿಕ್ +2. ‘ಅಸ್’ ಕಡಿಮೆ, ‘ಇಕ್’ ಹೆಚ್ಚು. ಆದರೆ ಎಷ್ಟು ಕಡಿಮೆ, ಎಷ್ಟು ಹೆಚ್ಚು ಎಂದು ಆ ಹೆಸರುಗಳು ಹೇಳುವುದಿಲ್ಲ. ರೋಮನ್ ಅಂಕಿಯ ಪದ್ಧತಿ ಗೆದ್ದದ್ದು ಇದಕ್ಕೇ.

ಎರಡು ಅಲೋಹಗಳ ಸಂಯುಕ್ತಕ್ಕೆ ಸಂಖ್ಯೆ ಹೇಳಲೇಬೇಕು, ಏಕೆಂದರೆ ಅದೇ ಜೋಡಿ ಹಲವು ಅನುಪಾತಗಳಲ್ಲಿ ಸೇರುತ್ತದೆ. ಮೊನೊ, ಡೈ, ಟ್ರೈ, ಟೆಟ್ರಾ, ಪೆಂಟಾ, ಹೆಕ್ಸಾ. ಮೊದಲ ಧಾತುವಿಗೆ ‘ಮೊನೊ’ ಹಾಕುವುದಿಲ್ಲ: ಕಾರ್ಬನ್ ಮೊನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್, ಡೈನೈಟ್ರೋಜನ್ ಪೆಂಟಾಕ್ಸೈಡ್, ಫಾಸ್ಫರಸ್ ಪೆಂಟಾಕ್ಲೋರೈಡ್.

ಆಮ್ಲಗಳಿಗೆ ಋಣ ಅಯಾನಿನ ಹೆಸರೇ ದಾರಿ ತೋರಿಸುತ್ತದೆ. ‘ಐಡ್’ ಇದ್ದರೆ ‘ಹೈಡ್ರೊ’ ಸೇರಿ ‘ಇಕ್’ ಆಮ್ಲ: ಕ್ಲೋರೈಡ್‌ನಿಂದ ಹೈಡ್ರೋಕ್ಲೋರಿಕ್. ‘ಏಟ್’ ಇದ್ದರೆ ‘ಇಕ್’: ಸಲ್ಫೇಟ್‌ನಿಂದ ಸಲ್ಫ್ಯೂರಿಕ್. ‘ಐಟ್’ ಇದ್ದರೆ ‘ಅಸ್’: ನೈಟ್ರೈಟ್‌ನಿಂದ ನೈಟ್ರಸ್.

ಹೆಸರಿನ ಬಾಲ ಎಷ್ಟು ಮುಖ್ಯ ಎನ್ನುವುದಕ್ಕೆ ಕ್ಲೋರಿನ್ ಅಯಾನುಗಳಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕ್ಲೋರೈಡ್‌ನಲ್ಲಿ ಆಕ್ಸಿಜನ್ ಇಲ್ಲ, ಹೈಪೊಕ್ಲೋರೈಟ್‌ನಲ್ಲಿ 1, ಕ್ಲೋರೈಟ್‌ನಲ್ಲಿ 2, ಕ್ಲೋರೇಟ್‌ನಲ್ಲಿ 3, ಪರ್‌ಕ್ಲೋರೇಟ್‌ನಲ್ಲಿ 4. ಎಲ್ಲಕ್ಕೂ −1. ಸೋಡಿಯಂ ಕ್ಲೋರೈಡ್ ಅಡುಗೆ ಉಪ್ಪು. ಸೋಡಿಯಂ ಹೈಪೊಕ್ಲೋರೈಟ್ ಬ್ಲೀಚ್ ದ್ರಾವಣ. ಬ್ಲೀಚ್‌ಗೆ ಆಮ್ಲ ಇರುವ ಕ್ಲೀನರ್ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಈ ಪ್ರಯೋಗವನ್ನು ಎಲ್ಲೂ ಮಾಡಬೇಡಿ.

ಹೆಜ್ಜೆ 5: ಏನು ಉತ್ಪನ್ನ ಬರುತ್ತದೆ ಎಂದು ಊಹಿಸಿ

ಸಂಯೋಗ ಮತ್ತು ವಿಭಜನೆ ಸುಲಭ. ಎರಡು ಸೇರಿ ಒಂದಾಗುವುದು, ಒಂದು ಒಡೆದು ಎರಡೋ ಮೂರೋ ಆಗುವುದು. ಕಾರ್ಬನ್ ಮತ್ತು ಹೈಡ್ರೋಜನ್ ಇರುವ ಇಂಧನ ಸಾಕಷ್ಟು ಆಕ್ಸಿಜನ್‌ನಲ್ಲಿ ಉರಿದರೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು. ಆಕ್ಸಿಜನ್ ಸಾಲದೆ ಹೋದರೆ ಕಾರ್ಬನ್ ಮೊನಾಕ್ಸೈಡ್ ಮತ್ತು ಮಸಿ.

ಸ್ಥಾನಪಲ್ಲಟಕ್ಕೆ ಲೋಹಗಳ ಕ್ರಿಯಾಶೀಲತಾ ಸರಣಿ ಬೇಕು: ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ತವರ, ಸೀಸ, ಹೈಡ್ರೋಜನ್, ತಾಮ್ರ, ಬೆಳ್ಳಿ, ಚಿನ್ನ. ಮೇಲಿನದು ಕೆಳಗಿನದನ್ನು ಅದರ ಸಂಯುಕ್ತದಿಂದ ಹೊರಹಾಕುತ್ತದೆ. ಸತುವಿನ ಚೂರನ್ನು ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಹಾಕಿದರೆ ನೀಲಿ ಬಣ್ಣ ಮಸುಕಾಗುತ್ತಾ ಹೋಗಿ ತಾಮ್ರ ಕೂರುತ್ತದೆ. ಅಲ್ಯೂಮಿನಿಯಂ ಸತುವಿಗಿಂತ ಮೇಲಿದೆ, ಆದರೂ ಅದೇ ದ್ರಾವಣದಲ್ಲಿ ಅಲ್ಯೂಮಿನಿಯಂ ಹಾಳೆ ಬಹಳ ಹೊತ್ತು ಸುಮ್ಮನಿರುತ್ತದೆ. ಅದರ ಮೇಲಿನ ತೆಳು ಆಕ್ಸೈಡ್ ಪದರ ತಡೆಯುತ್ತದೆ. ಒಂದು ಚಿಟಿಕೆ ಸೋಡಿಯಂ ಕ್ಲೋರೈಡ್ ಹಾಕಿದರೆ ಕ್ಲೋರೈಡ್ ಅಯಾನುಗಳು ಆ ಪದರವನ್ನು ಭೇದಿಸಿ ಕ್ರಿಯೆ ಜೋರಾಗುತ್ತದೆ. ಕಬ್ಬಿಣದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಬರುವುದು ಐರನ್(II) ಕ್ಲೋರೈಡ್, ಐರನ್(III) ಅಲ್ಲ.

ದ್ವಿಸ್ಥಾನಪಲ್ಲಟದಲ್ಲಿ ಅಯಾನುಗಳು ಜೋಡಿ ಬದಲಿಸುತ್ತವೆ. ಆದರೆ ಜೋಡಿ ಬದಲಿಸಿ ಬರೆದ ಮಾತ್ರಕ್ಕೆ ಕ್ರಿಯೆ ನಡೆಯಿತು ಎಂದಲ್ಲ. ಸೋಡಿಯಂ ಕ್ಲೋರೈಡ್ ದ್ರಾವಣಕ್ಕೆ ಪೊಟ್ಯಾಸಿಯಂ ನೈಟ್ರೇಟ್ ದ್ರಾವಣ ಸುರಿದರೆ ನಾಲ್ಕೂ ಅಯಾನುಗಳು ನೀರಿನಲ್ಲಿ ಹಾಗೆಯೇ ಇರುತ್ತವೆ, ಏನೂ ಆಗುವುದಿಲ್ಲ. ಪ್ರಕ್ಷೇಪ (ಕರಗದೆ ತಳದಲ್ಲಿ ಕೂರುವ ಘನ), ಅನಿಲ, ಅಥವಾ ನೀರು ಇವುಗಳಲ್ಲಿ ಒಂದಾದರೂ ಉಂಟಾಗಬೇಕು. ಪ್ರಕ್ಷೇಪ ಗುರುತಿಸಲು: ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಲವಣಗಳೂ ಎಲ್ಲ ನೈಟ್ರೇಟ್‌ಗಳೂ ಕರಗುತ್ತವೆ. ಕ್ಲೋರೈಡ್‌ಗಳಲ್ಲಿ ಬೆಳ್ಳಿ, ಸೀಸದವು ಕರಗವು. ಸಲ್ಫೇಟ್‌ಗಳಲ್ಲಿ ಬೇರಿಯಂ, ಸೀಸದವು. ಕಾರ್ಬೊನೇಟ್, ಫಾಸ್ಫೇಟ್, ಹೈಡ್ರಾಕ್ಸೈಡ್‌ಗಳು ಮೊದಲು ಹೇಳಿದ ಮೂರರ ಜತೆ ಬಿಟ್ಟರೆ ಹೆಚ್ಚಾಗಿ ಕರಗುವುದಿಲ್ಲ.

ಹೆಜ್ಜೆ 6: ಸರಿದೂಗಿಸಿ

ಸೂತ್ರದೊಳಗಿನ ಸಣ್ಣ ಅಂಕಿಯನ್ನು ಮುಟ್ಟುವಂತಿಲ್ಲ. ಸೂತ್ರದ ಮುಂದಿನ ಸಹಗುಣಕವನ್ನು ಮಾತ್ರ ಬದಲಿಸಬಹುದು. ನೀರಿಗೆ ಆಕ್ಸಿಜನ್ ಒಂದು ಸಾಲದು ಎಂದು ಒಳಗೆ 2 ಬರೆದರೆ ಅದು ಹೈಡ್ರೋಜನ್ ಪೆರಾಕ್ಸೈಡ್ ಆಯಿತು.

ಪ್ರೊಪೇನ್ (3 ಕಾರ್ಬನ್, 8 ಹೈಡ್ರೋಜನ್) ಉರಿಯುವುದನ್ನು ನೋಡಿ. ಒಂಟಿಯಾಗಿ ಇರುವ ಧಾತುವನ್ನು, ಇಲ್ಲಿ ಆಕ್ಸಿಜನ್, ಕೊನೆಗೆ ಇಟ್ಟುಕೊಳ್ಳಿ. ಕಾರ್ಬನ್ 3, ಆದ್ದರಿಂದ 3 ಕಾರ್ಬನ್ ಡೈಆಕ್ಸೈಡ್. ಹೈಡ್ರೋಜನ್ 8, ಆದ್ದರಿಂದ 4 ನೀರು. ಬಲಗಡೆ ಆಕ್ಸಿಜನ್ 6 + 4 = 10, ಎಡಗಡೆ 5 ಆಕ್ಸಿಜನ್ ಅಣು.

1 ಪ್ರೊಪೇನ್ + 5 ಆಕ್ಸಿಜನ್ → 3 ಕಾರ್ಬನ್ ಡೈಆಕ್ಸೈಡ್ + 4 ನೀರು

ಈಥೇನ್‌ಗೆ (2 ಕಾರ್ಬನ್, 6 ಹೈಡ್ರೋಜನ್) ಇದೇ ದಾರಿಯಲ್ಲಿ ಹೋದರೆ ಬಲಗಡೆ ಆಕ್ಸಿಜನ್ 7, ಎಡಕ್ಕೆ ಮೂರೂವರೆ ಅಣು. ಗಾಬರಿ ಬೇಡ, ಮೂರೂವರೆ ಎಂದೇ ಬರೆದು ಇಡೀ ಸಮೀಕರಣವನ್ನು ಎರಡರಿಂದ ಗುಣಿಸಿ: 2, 7, 4, 6.

ಗುಂಪು ಅಯಾನು ಎರಡೂ ಕಡೆ ಒಡೆಯದೆ ಉಳಿದರೆ ಅದನ್ನು ಒಂದೇ ಘಟಕವಾಗಿ ಎಣಿಸಿ. ಅಲ್ಯೂಮಿನಿಯಂ ಸಲ್ಫೇಟ್ (2 ಅಲ್ಯೂಮಿನಿಯಂ, 3 ಸಲ್ಫೇಟ್) ಮತ್ತು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸೇರುವಾಗ ಆಕ್ಸಿಜನ್‌ಗಳನ್ನು ಬಿಡಿಯಾಗಿ ಎಣಿಸಹೊರಟರೆ ಹಾಳೆ ತುಂಬ ಗೀಚಾಟವೇ. ಸಲ್ಫೇಟ್ 3, ಆದ್ದರಿಂದ 3 ಕ್ಯಾಲ್ಸಿಯಂ ಸಲ್ಫೇಟ್. ಕ್ಯಾಲ್ಸಿಯಂ 3, ಆದ್ದರಿಂದ 3 ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹೈಡ್ರಾಕ್ಸೈಡ್ 6, ಆದ್ದರಿಂದ 2 ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಮುಗಿಯಿತು.

ಹೆಜ್ಜೆ 7: ತೂಕದಿಂದ ಪರೀಕ್ಷಿಸಿ

ಪರಮಾಣು ರಾಶಿಗಳನ್ನು ಕೂಡಿಸಿದರೆ ಸಮೀಕರಣದ ಎರಡೂ ಬದಿ ಒಂದೇ ತೂಕ ಬರಬೇಕು. 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ತಿ ಒಡೆದರೆ 56 ಗ್ರಾಂ ಕ್ಯಾಲ್ಸಿಯಂ ಆಕ್ಸೈಡ್, 44 ಗ್ರಾಂ ಕಾರ್ಬನ್ ಡೈಆಕ್ಸೈಡ್. ಕಾಗದದ ಮೇಲೆ ಇದು ಸಲೀಸು. ಪ್ರಯೋಗಶಾಲೆಯಲ್ಲಿ ಮೆಗ್ನೀಸಿಯಂ ಪಟ್ಟಿ ಸುಟ್ಟು ತೂಗುವಾಗ ಮಾತ್ರ ಅಂಕಿ ಕಡಿಮೆ ಬರುವುದು ಸಾಮಾನ್ಯ. 0.243 ಗ್ರಾಂ ಮೆಗ್ನೀಸಿಯಂನಿಂದ 0.403 ಗ್ರಾಂ ಮೆಗ್ನೀಸಿಯಂ ಆಕ್ಸೈಡ್ ಸಿಗಬೇಕು. ಕಡಿಮೆಯಾಗಲು ಮೂರು ಕಾರಣ. ಮೂಸೆಯ (ಕಾಯಿಸಲು ಬಳಸುವ ಪುಟ್ಟ ಬಟ್ಟಲಿನ) ಮುಚ್ಚಳ ಹೆಚ್ಚು ಹೊತ್ತು ತೆರೆದರೆ ಬಿಳಿ ಹೊಗೆಯಾಗಿ ಉತ್ಪನ್ನವೇ ಹಾರಿಹೋಗುತ್ತದೆ. ಮುಚ್ಚಳ ತೆರೆಯದೇ ಇದ್ದರೆ ಗಾಳಿ ಸಾಲದೆ ಲೋಹ ಉಳಿಯುತ್ತದೆ. ಆಗಾಗ ಒಂದು ಕ್ಷಣ ಇಕ್ಕಳದಿಂದ ತುಸು ಎತ್ತಿ ಮುಚ್ಚಬೇಕು. ಮೂರನೆಯದು ಕಣ್ಣಿಗೆ ಕಾಣುವುದಿಲ್ಲ: ಬಿಸಿ ಮೆಗ್ನೀಸಿಯಂ ಗಾಳಿಯ ನೈಟ್ರೋಜನ್ ಜತೆಗೂ ಸೇರಿ ಮೆಗ್ನೀಸಿಯಂ ನೈಟ್ರೈಡ್ (3 ಮೆಗ್ನೀಸಿಯಂ, 2 ನೈಟ್ರೋಜನ್) ಆಗುತ್ತದೆ. ಇಡೀ ಲೋಹ ನೈಟ್ರೈಡ್ ಆಗಿದ್ದರೆ ತೂಕ 0.336 ಗ್ರಾಂ ಮಾತ್ರ ಇರುತ್ತಿತ್ತು.

ಇದಕ್ಕೆ ಪರಿಹಾರ ಇದೆ. ಮೂಸೆ ಪೂರ್ತಿ ತಣ್ಣಗಾದ ಮೇಲೆ ಕೆಲವು ಹನಿ ಶುದ್ಧ ನೀರು ಹಾಕಿ. ಅಮೋನಿಯಾದ ವಾಸನೆ ಬಂದರೆ ನೈಟ್ರೈಡ್ ಇತ್ತು ಎಂದರ್ಥ. ಅದು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗಿರುತ್ತದೆ. ಮೊದಲು ಸಣ್ಣ ಉರಿಯಲ್ಲಿ ನೀರು ಆರಿಸಿ, ಇಲ್ಲದಿದ್ದರೆ ಪುಡಿ ಸಿಡಿಯುತ್ತದೆ. ನಂತರ ಜೋರಾಗಿ ಕಾಯಿಸಿದರೆ ಹೈಡ್ರಾಕ್ಸೈಡ್ ಒಡೆದು ಆಕ್ಸೈಡ್ ಉಳಿಯುತ್ತದೆ. ತಣಿಸಿ ತೂಗಿ, ಮತ್ತೆ ಕಾಯಿಸಿ ತೂಗಿ. ಎರಡು ತೂಕ ಒಂದೇ ಬರುವವರೆಗೆ ನಿಲ್ಲಿಸಬೇಡಿ. ಉರಿಯುವ ಪಟ್ಟಿಯನ್ನು ನೇರವಾಗಿ ದಿಟ್ಟಿಸಬಾರದು. ಬೆಂಕಿ ಕೈಮೀರಿದರೆ ನೀರಾಗಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಾಗಲಿ ಬಳಸಬೇಡಿ. ಉರಿಯುವ ಮೆಗ್ನೀಸಿಯಂ ನೀರಿನಿಂದ ಹೈಡ್ರೋಜನ್ ಬಿಡಿಸುತ್ತದೆ, ಕಾರ್ಬನ್ ಡೈಆಕ್ಸೈಡಿನಿಂದ ಆಕ್ಸಿಜನ್ ಕಿತ್ತುಕೊಂಡು ಉರಿಯುತ್ತಲೇ ಇರುತ್ತದೆ. ಒಣ ಮರಳನ್ನು ಪಕ್ಕದಲ್ಲಿ ಇಟ್ಟುಕೊಂಡೇ ಪ್ರಯೋಗ ಶುರುಮಾಡಿ.